ಎಲುಬು ಕೂಡುವ ಆರು ವಾರ ಮತ್ತು ದವಡೆಯಲ್ಲಿಟ್ಟ ತಂಬಾಕು

ದಾವಣಗೆರೆಯಲ್ಲಿ ಎಲುಬು-ಕೀಲು ವೈದ್ಯರ ಬಳಿಗೆ ಬರುವ ಗಾಯಗಳಲ್ಲಿ ಈ ಸೀಮೆಯ ದುಡಿಮೆಯೇ ಕಾಣುತ್ತದೆ. ಹಿರಿಯೂರು, ಚಿತ್ರದುರ್ಗ ದಾಟಿ ಹರಿಹರದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೈಕಿನಿಂದ ಬಿದ್ದು, ಮೊಣಕಾಲಿನ ಕೆಳಗಿನ ಎಲುಬು ಚರ್ಮ ಸೀಳಿ ಹೊರಬಂದವರು. ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ಕೊಯ್ಯಲು ಮರ ಹತ್ತಿ, ಜಾರಿ, ಹಿಮ್ಮಡಿಯನ್ನೋ ಬೆನ್ನೆಲುಬನ್ನೋ ಮುರಿದುಕೊಂಡವರು. ಮೆಕ್ಕೆಜೋಳದ ಒಕ್ಕಣೆಯಲ್ಲಿ ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡವರು. ರಾಡ್ ಅಥವಾ ಪ್ಲೇಟ್ ಹಾಕಿದ ಮಾರನೆಯ ದಿನ ಇವರ ಮನೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ: ಕಾಲುಸೂಪು ಕುಡಿಸಬಹುದೇ, ಕ್ಯಾಲ್ಸಿಯಂ ಮಾತ್ರೆ ಎಷ್ಟು ತಿಂಗಳು, ನೆಲಕ್ಕೆ ಕಾಲೂರುವುದು ಯಾವಾಗ. ತಂಬಾಕಿನ ಬಗ್ಗೆ ಯಾರೂ ಕೇಳುವುದಿಲ್ಲ. ಎಲುಬು ಕೂಡುವುದನ್ನೂ ನೋವು ಇಳಿಯುವುದನ್ನೂ ರೋಗಿಯ ಕೈಯಲ್ಲಿರುವ ಸಂಗತಿಗಳ ಪೈಕಿ ಅದರಷ್ಟು ಬದಲಿಸುವಂಥದ್ದು ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ವಿಚಾರದಲ್ಲಿ ವೈದ್ಯರಾದ ನಮ್ಮ ಪ್ರಶ್ನೆಯೇ ಅರ್ಧಂಬರ್ಧ. 'ಬೀಡಿ, ಸಿಗರೇಟು ಸೇದ್ತೀರಾ?' ಎಂದು ಕೇಳುತ್ತೇವೆ. 'ಇಲ್ರೀ ಸರ್' ಎಂಬ ಉತ್ತರವನ್ನು ಕೇಸ್ ಶೀಟಿನಲ್ಲಿ ಬರೆದುಕೊಂಡು ಮುಂದಕ್ಕೆ ಹೋಗುತ್ತೇವೆ. ಆ ಉತ್ತರ ಸುಳ್ಳಲ್ಲ. ಆದರೆ ಎಲೆ-ಅಡಿಕೆಯ ಜೊತೆಗಿನ ಹೊಗೆಸೊಪ್ಪು, ಕಡ್ಡಿಪುಡಿ, ಜರ್ದಾ, ಸುಣ್ಣ ಹಾಕಿ ತಿಕ್ಕಿದ ತಂಬಾಕು ಇವು ಯಾವುವೂ 'ಸೇದುವ' ಲೆಕ್ಕಕ್ಕೆ ಬರುವುದಿಲ್ಲ. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ 10.7ರಷ್ಟು ಮಂದಿ ಸೇದುವವರಾದರೆ, ಶೇ 21.4ರಷ್ಟು ಮಂದಿ ಹೊಗೆಯಿಲ್ಲದ ತಂಬಾಕನ್ನು ಬಳಸುವವರು. ಸೇದುವವರನ್ನಷ್ಟೇ ಕೇಳಿದರೆ ದೊಡ್ಡ ಗುಂಪೇ ಕೈಬಿಟ್ಟುಹೋಗುತ್ತದೆ. ಅದರಲ್ಲೂ ಸುಣ್ಣ ಬೆರೆತಾಗ ಬಾಯಿಯಲ್ಲಿ ಕ್ಷಾರ ಹೆಚ್ಚಿ, ಕೆನ್ನೆಯ ಒಳಪದರದಿಂದ ನಿಕೋಟಿನ್ ರಕ್ತಕ್ಕೆ ಇನ್ನಷ್ಟು ಸುಲಭವಾಗಿ ಇಳಿಯುತ್ತದೆ, ಮತ್ತು ಸೇದಿದಾಗಿನಂತೆ ಥಟ್ಟನೆ ಏರಿ ಇಳಿಯದೆ ಬಹಳ ಹೊತ್ತು ನಿಲ್ಲುತ್ತದೆ.

ಮೊದಲು ಎಲುಬಿನ ಸಂಗತಿ. ಮುರಿದ ಜಾಗದಲ್ಲಿ ಹೆಪ್ಪುಗಟ್ಟಿದ ರಕ್ತದೊಳಗೆ ಹೊಸ ರಕ್ತನಾಳಗಳು ಮೊಳೆತು, ಅಲ್ಲಿ ಮೆದುವಾದ ಬೆಸುಗೆ ಹುಟ್ಟಿ, ಅದು ವಾರಗಳು ಕಳೆದಂತೆ ಗಟ್ಟಿಯಾಗಬೇಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ; ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಅಮೆರಿಕದಲ್ಲಿ ಮೊಣಕಾಲಿನ ಕೆಳಗಿನ ಎಲುಬು ಹೊರಬಂದ 268 ಗಾಯಾಳುಗಳನ್ನು ಗಮನಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೇದುವವರಲ್ಲಿ ಎಲುಬು ಕೂಡುವ ಸಾಧ್ಯತೆ ಎಂದೂ ಸೇದದವರಿಗಿಂತ ಶೇ 37ರಷ್ಟು ಕಡಿಮೆಯಿತ್ತು. ಗಾಯಕ್ಕೆ ಸೋಂಕು ತಗಲುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು, ಸೋಂಕು ಎಲುಬಿನೊಳಕ್ಕೇ ಇಳಿಯುವ ಸಾಧ್ಯತೆ ಮೂರೂವರೆ ಪಟ್ಟಿಗೂ ಹೆಚ್ಚು ಇತ್ತು. ಇವು ಸೇದುವವರ ಅಂಕಿಗಳು. ಜಗಿಯುವವರ ರಕ್ತದಲ್ಲಿ ಹೊಗೆಯ ಅನಿಲ ಇರುವುದಿಲ್ಲವಾದ್ದರಿಂದ ಇವನ್ನು ಹಾಗೆಯೇ ಅವರಿಗೆ ಅನ್ವಯಿಸಲಾಗದು. ಆದರೆ ರಕ್ತನಾಳವನ್ನು ಬಿಗಿಯುವ ನಿಕೋಟಿನ್ ಅವರಲ್ಲೂ ದಿನವಿಡೀ ಇದ್ದೇ ಇರುತ್ತದೆ.

ರೋಗಿಗೆ ಇಷ್ಟನ್ನು ಹೇಳಿದರೆ ಆತ ತಲೆಯಾಡಿಸುತ್ತಾನೆ, ಆದರೆ ಬಿಡುವುದಿಲ್ಲ. ಕಾರಣ ಕೇಳಿದರೆ 'ಅದನ್ನ ಹಾಕ್ಕೊಂಡ್ರೇನೇ ನೋವು ತಡ್ಕೊಳಾಕ್ ಆಗೋದು ಸರ್' ಎನ್ನುತ್ತಾನೆ. ಇದನ್ನು ನೆಪವೆಂದು ತಳ್ಳಿಹಾಕುವುದು ತಪ್ಪು. ಅವನು ಅನುಭವಿಸಿದ್ದು ನಿಜ. ಅದಕ್ಕೆ ಅವನು ಕೊಡುವ ಕಾರಣವಷ್ಟೇ ಸರಿಯಿಲ್ಲ, ಮತ್ತು ಮಿದುಳಿನ ಮೇಲೆ ಈಚಿನ ಎರಡು ದಶಕಗಳಲ್ಲಿ ನಡೆದ ಸಂಶೋಧನೆ ನಮಗೆ ನೆರವಾಗುವುದು ಇಲ್ಲಿಯೇ.

ಮಿದುಳಿನ ನರಕೋಶಗಳ ಮೇಲೆ ಅಸಿಟೈಲ್‌ಕೋಲಿನ್ ಎಂಬ ನಮ್ಮದೇ ದೇಹದ ರಾಸಾಯನಿಕಕ್ಕಾಗಿ ಇರುವ ಗ್ರಾಹಕಗಳಲ್ಲಿ ನಿಕೋಟಿನ್ ಹೋಗಿ ಕೂರುತ್ತದೆ. ಸೇದಿದಾಗ ಅದು ಮಿದುಳನ್ನು ಮುಟ್ಟಲು ಇಪ್ಪತ್ತು ಸೆಕೆಂಡು ಸಾಕು. ಅಲ್ಲಿ ಡೋಪಮಿನ್ ಸ್ರವಿಸಿ ಹಿತವೆನಿಸುತ್ತದೆ. ನೋವನ್ನು ತಗ್ಗಿಸುವ ಮಾರ್ಗಗಳೂ ಸ್ವಲ್ಪ ಹೊತ್ತು ಚುರುಕಾಗುತ್ತವೆ. ಒಂದೆರಡು ದಮ್ಮು ಎಳೆದರೂ ಈ ಗ್ರಾಹಕಗಳ ಮುಖ್ಯ ಬಗೆಯಲ್ಲಿ ಸುಮಾರು ಅರ್ಧದಷ್ಟು ಮೂರು ಗಂಟೆಗೂ ಮೀರಿ ತುಂಬಿರುತ್ತವೆ ಎಂಬುದನ್ನು 2006ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಮಿದುಳಿನ ಸ್ಕ್ಯಾನ್ ಮೂಲಕ ತೋರಿಸಿದರು. ದಿನವೂ ಹೀಗೆ ತುಂಬಿಸುತ್ತ ಹೋದರೆ ಮಿದುಳು ಗ್ರಾಹಕಗಳ ಸಂಖ್ಯೆಯನ್ನೇ ಹೆಚ್ಚಿಸಿಕೊಳ್ಳುತ್ತದೆ. ಆಮೇಲೆ ನಿಕೋಟಿನ್ ಇಳಿದಾಗಲೆಲ್ಲ, ಅಂದರೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುವ ಸುಮಾರು ಎರಡು ಗಂಟೆಗಳ ಆಚೆಗೆ, ಆ ಹೆಚ್ಚುವರಿ ಗ್ರಾಹಕಗಳೆಲ್ಲ ಖಾಲಿ ಬಿದ್ದು ಚಡಪಡಿಕೆ, ಸಿಟ್ಟು, ನಿದ್ರೆಗೇಡು ತೊಡಗುತ್ತವೆ. ನೋವಿನ ಸಂವೇದನೆಯೂ ಹರಿತವಾಗುತ್ತದೆ. ಕಾಲಿನ ಗಾಯ ಅಷ್ಟೇ ಇದ್ದರೂ ನೋವು ಮಾತ್ರ ಹೆಚ್ಚಾಗಿ ತಿಳಿಯುತ್ತದೆ. ಆಗ ಕಡ್ಡಿಪುಡಿ ಬಾಯಿಗೆ ಬಿದ್ದರೆ ಇಳಿಯುವುದು ಬಹುಮಟ್ಟಿಗೆ ತಂಬಾಕೇ ಏರಿಸಿದ್ದ ನೋವು. ಸಾಲದ ಬಡ್ಡಿ ಕಟ್ಟಲು ಅದೇ ಸಾಹುಕಾರನ ಹತ್ತಿರ ಮತ್ತೆ ಸಾಲ ತಂದಂತೆ.

ಇದು ಆಸ್ಪತ್ರೆಯ ನಾಲ್ಕು ದಿನಕ್ಕೆ ಮುಗಿಯುವ ಸಂಗತಿಯೂ ಅಲ್ಲ. ಆಗಷ್ಟೇ ಬೆನ್ನುನೋವು ಶುರುವಾಗಿದ್ದವರನ್ನು ಸುಮಾರು ಒಂದು ವರ್ಷ ಹಿಂಬಾಲಿಸಿದ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡ, ಸೇದುವವರಲ್ಲಿ ಆ ನೋವು ವಾಸಿಯಾಗದೆ ದೀರ್ಘಕಾಲದ್ದಾಗುವ ಸಾಧ್ಯತೆ ಮೂರು ಪಟ್ಟು ಇರುವುದನ್ನು ಕಂಡಿತು. ನನಗೆ ಮುಖ್ಯವೆನಿಸಿದ್ದು ಅವರು ಕಂಡುಕೊಂಡ ಕಾರಣ. ವ್ಯತ್ಯಾಸ ಕಂಡದ್ದು ಹಣೆಯ ಹಿಂದಿನ ಮಿದುಳಿನ ಭಾಗಕ್ಕೂ ಹಿತ-ಬಯಕೆಗಳನ್ನು ನಡೆಸುವ ಆಳದ ಕೇಂದ್ರಕ್ಕೂ ನಡುವಿನ ಸಂಪರ್ಕದಲ್ಲಿ. ಚಟವನ್ನು ಹಿಡಿದಿಡುವ ದಾರಿಯೇ ನೋವನ್ನೂ ಹಿಡಿದಿಟ್ಟಿತ್ತು; ಬಿಟ್ಟವರಲ್ಲಿ ಈ ಸಂಪರ್ಕದ ಬಿಗಿ ಸಡಿಲವಾಗಿತ್ತು. ಎಕ್ಸ್‌ರೇಯಲ್ಲಿ ಎಲುಬು ಚೆನ್ನಾಗಿ ಕೂಡಿದ್ದರೂ 'ಇನ್ನೂ ನೋವೈತ್ರೀ' ಎನ್ನುತ್ತ ವರ್ಷಗಟ್ಟಲೆ ಗುಳಿಗೆ ನುಂಗುವವರನ್ನು ನೋಡುವಾಗಲೆಲ್ಲ, ಅವರ ದವಡೆಯನ್ನೂ ಪರೀಕ್ಷಿಸಬೇಕೆಂದು ಈ ಅಧ್ಯಯನ ನನಗೆ ನೆನಪಿಸುತ್ತದೆ.

ಇನ್ನು ಆರು ವಾರದ ಮಾತು. ಹೆಚ್ಚಿದ ಗ್ರಾಹಕಗಳು ತಂಬಾಕು ಬಿಟ್ಟ ಮೊದಲ ತಿಂಗಳು ಹಾಗೆಯೇ ಉಳಿದಿದ್ದು, 6ರಿಂದ 12 ವಾರಗಳಲ್ಲಿ ಸೇದದವರ ಮಟ್ಟಕ್ಕೆ ಇಳಿಯುತ್ತವೆ ಎಂದು ಯೇಲ್ ವಿಶ್ವವಿದ್ಯಾಲಯದ ತಂಡ 2009ರಲ್ಲಿ ವರದಿ ಮಾಡಿತು. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಮುರಿತಕ್ಕೆ ತುರ್ತು ಶಸ್ತ್ರಚಿಕಿತ್ಸೆಯಾದ 105 ಸೇದುವವರಲ್ಲಿ ಅರ್ಧದಷ್ಟು ಮಂದಿಗೆ ಆರು ವಾರ ತಂಬಾಕು ಬಿಡಲು ಆಪ್ತಸಲಹೆ, ಬೇಕಾದರೆ ನಿಕೋಟಿನ್ ಬದಲಿ ಚಿಕಿತ್ಸೆ ಕೊಟ್ಟು ನೋಡಲಾಯಿತು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ ಈ ಗುಂಪಿನಲ್ಲಿ ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳು ಶೇ 20ರಷ್ಟು ಜನರಲ್ಲಿ, ಉಳಿದವರಲ್ಲಿ ಶೇ 38ರಷ್ಟು ಜನರಲ್ಲಿ ಕಂಡವು. ಗಾಯವಾದ ಮೇಲೆ ಬಿಟ್ಟು ಏನು ಪ್ರಯೋಜನ ಎನ್ನುವವರಿಗೆ ನಾನು ಕೊಡುವ ಉತ್ತರ ಇದೇ. ಅನೇಕ ಮುರಿತಗಳಲ್ಲಿ ಎಲುಬು ಹಿಡಿದುಕೊಳ್ಳಲು ಬೇಕಾಗುವ ಮೊದಲ ಆರು ವಾರಗಳೂ ಮಿದುಳು ಹಳೆಯ ಸ್ಥಿತಿಗೆ ಮರಳಲು ಬೇಕಾಗುವ ವಾರಗಳೂ ಒಂದೇ ಕಾಲಕ್ಕೆ ಸಾಗುತ್ತವೆ. ಕೆಲಸವಿಲ್ಲ, ಬೀಡಾ ಅಂಗಡಿಗೆ ನಡೆದು ಹೋಗಲು ಕಾಲಿಲ್ಲ, ಊಟ-ಔಷಧಿ ಮನೆಯವರ ಕೈಯಲ್ಲಿದೆ. ಇದಕ್ಕಿಂತ ಒಳ್ಳೆಯ ಸಮಯ ಆ ಮನುಷ್ಯನಿಗೆ ಬದುಕಿನಲ್ಲಿ ಮತ್ತೆ ಸಿಗುವುದು ಕಷ್ಟ.

ಮೊದಲ ಮೂರು ದಿನ ಅತಿ ಕಠಿಣ. ಆ ದಿನಗಳಲ್ಲಿ ನೋವು ಹೆಚ್ಚೆನಿಸುವುದೆಂದು ಮೊದಲೇ ಹೇಳಿಟ್ಟರೆ ಅರ್ಧ ಗೆದ್ದಂತೆ. ಹೇಳದಿದ್ದರೆ 'ಬಿಟ್ಟಿದ್ದಕ್ಕೇ ನೋವು ಜಾಸ್ತಿಯಾಯ್ತು' ಎಂಬ ತೀರ್ಮಾನಕ್ಕೆ ರೋಗಿಯೂ ಮನೆಯವರೂ ಬಂದುಬಿಡುತ್ತಾರೆ. ಆ ಹೊತ್ತಿನಲ್ಲಿ ನೋವಿನ ಔಷಧಿಯನ್ನು ವೈದ್ಯರು ಜಿಪುಣತನ ತೋರದೆ ಸಮಯಕ್ಕೆ ಸರಿಯಾಗಿ ಕೊಡಬೇಕು. ತೀರಾ ತಡೆಯಲಾಗದವರಿಗೆ ವೈದ್ಯರು ಹೇಳಿದ ಪ್ರಮಾಣದ ನಿಕೋಟಿನ್ ಗಮ್ ಕೊಡಬಹುದು: ಅದನ್ನು ಸ್ವಲ್ಪ ಅಗಿದು ಕೆನ್ನೆಯ ಬದಿಗೆ ಇಟ್ಟುಕೊಳ್ಳಬೇಕು, ಚಹಾ-ಕಾಫಿ ಕುಡಿದ ಕೂಡಲೇ ಹಾಕಿಕೊಳ್ಳಬಾರದು. ಅದೂ ನಿಕೋಟಿನ್ ತಾನೇ ಎಂಬ ಅನುಮಾನ ಸಹಜವಾದರೂ, ಅಳತೆ ಗೊತ್ತಿರುವ ಸಣ್ಣ ಪ್ರಮಾಣ ಅದು, ಹೊಗೆ ಅದರಲ್ಲಿಲ್ಲ, ದಿನದಿನಕ್ಕೆ ಇಳಿಸಿ ನಿಲ್ಲಿಸಲೂ ಬರುತ್ತದೆ. 1800-11-2356 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿಗೂ ಕರೆ ಮಾಡಬಹುದು.

ಅಡಿಕೆಯ ನಾಡಿನಲ್ಲಿ ಈ ಮಾತನ್ನು ಹೇಳುವುದು ಸುಲಭವಲ್ಲ, ಆದರೂ ಹೇಳಬೇಕು: ತಂಬಾಕು ಬಿಟ್ಟು ಬರಿಯ ಅಡಿಕೆ ಜಗಿಯುತ್ತೇನೆ ಎನ್ನುವ ದಾರಿ ಸರಿಯಾದುದಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ನಿಕೋಟಿನ್ ಕೂರುವ ಅದೇ ಗ್ರಾಹಕಗಳನ್ನು ಅಲ್ಪ ಮಟ್ಟಿಗೆ ಪ್ರಚೋದಿಸುತ್ತದೆ ಎಂದು 2015ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಹಳೆಯ ಬಯಕೆ ಅದರಿಂದ ಜೀವಂತವಾಗಿ ಉಳಿಯಬಹುದು. ಬಾಯಿಯ ಕ್ಯಾನ್ಸರಿನ ಭಯ ಬೇರೆ.

ಕೊನೆಯದಾಗಿ ಒಂದು ಎಚ್ಚರಿಕೆ. ಬಿಟ್ಟ ದಿನಗಳಲ್ಲಿ ನೋವು ಹೆಚ್ಚುತ್ತದೆ ಎಂದೆನೆಂದು ಎಲ್ಲ ನೋವನ್ನೂ ಅದರ ಲೆಕ್ಕಕ್ಕೇ ಹಾಕಬಾರದು. ಕಟ್ಟು ಹಾಕಿದ ಕಾಲಿನಲ್ಲಿ ಗುಳಿಗೆಗೂ ಬಗ್ಗದೆ ಗಂಟೆಗಂಟೆಗೆ ಏರುವ ನೋವು, ಕಾಲ್ಬೆರಳನ್ನು ಬೇರೆಯವರು ಮೆಲ್ಲನೆ ಅಲುಗಿಸಿದರೂ ಕೂಗುವಷ್ಟು ಯಾತನೆ, ಬೆರಳು ಜೋಮು ಹಿಡಿಯುವುದು ಅಥವಾ ತಣ್ಣಗಾಗುವುದು, ಚಳಿಜ್ವರ, ಗಾಯದಿಂದ ಕೀವು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವವರೆಗೆ ಕಾಯದೆ, ನಡುರಾತ್ರಿಯಾದರೂ ಸರಿ, ರೋಗಿಯನ್ನು ಆಸ್ಪತ್ರೆಗೆ ಕರೆತರಬೇಕು. ಬಿಗಿದ ಸ್ನಾಯುಗಳೊಳಗೆ ರಕ್ತ ಸಂಚಾರ ನಿಂತುಹೋಗಿದ್ದರೆ ಕಾಲನ್ನು ಉಳಿಸಿಕೊಳ್ಳಲು ನಮಗೆ ಸಿಗುವುದು ಕೆಲವೇ ಗಂಟೆಗಳು.