ಗಾಳಿ ಇಲ್ಲದ ಸ್ಟೆಪ್ನಿ, ಮಂಗಳದ ದಾರಿ

ವಾಷರು, ಸೀಲು, ವಾಲ್ವು ಎಷ್ಟು ವರ್ಷ ಬಾಳುತ್ತವೆ ಅಂತ ಲೆಕ್ಕ ಹಾಕುವುದು ನನ್ನ ಹೊಟ್ಟೆಪಾಡು. ಆಗಾಗ ಕಾಲೇಜು ಮಕ್ಕಳ ಯೋಜನೆಗಳಿಗೆ ಮಾರ್ಕ್ಸ್ ಹಾಕಲು ಕರೆಯುತ್ತಾರೆ. ಮಂಗಳಕ್ಕೆ ಮನುಷ್ಯರನ್ನು ಕಳಿಸುವ ಯೋಜನೆ ಒಂದಾದರೂ ಇದ್ದೇ ಇರುತ್ತದೆ. ನಾಲ್ಕು ಜನ, ಹೋಗಿ ಬರಲು ಸುಮಾರು ಮೂರು ವರ್ಷ, ಊಟ ಇಷ್ಟು ಟನ್, ಇಂಧನ ಇಷ್ಟು ಟನ್, ಅದರ ಮೇಲೆ ಇಪ್ಪತ್ತು ಪರ್ಸೆಂಟ್ ಜಾಸ್ತಿ. "ಸಾಕಲ್ವಾ ಸರ್?"

ಸಾಕೋ ಬೇಕೋ ಆಮೇಲೆ ನೋಡೋಣ. ಇಟ್ಟದ್ದು ಇಟ್ಟ ಹಾಗೇ ಇರುತ್ತದೆ ಅಂತ ನಿಮಗೆ ಹೇಳಿದ್ದು ಯಾರು?

ಭೂಮಿಯಿಂದ ಮಂಗಳಕ್ಕೆ ಹೊರಡಲು ಒಳ್ಳೆಯ ಸಮಯ ಸಿಗುವುದು 26 ತಿಂಗಳಿಗೊಮ್ಮೆ. ಅದಕ್ಕೇ ನಾಸಾದ ಹಲವು ಯೋಜನೆಗಳಲ್ಲಿ ಸಾಮಾನು ಒಂದು ಸರದಿ ಮೊದಲೇ ಹೋಗುತ್ತದೆ. ಮಂಗಳದ ನೆಲದಿಂದ ಮೇಲೇರುವ ವಾಹನವೂ ಅಷ್ಟೇ. ಅಂದರೆ ವಾಪಸ್ ಬರುವ ಗಾಡಿ ಅಲ್ಲಿನ ಧೂಳು, ಚಳಿಯಲ್ಲಿ ವರ್ಷಗಟ್ಟಲೆ ಸುಮ್ನೆ ನಿಂತಿರುತ್ತದೆ.

ಇದು ಹೊಸ ಸಮಸ್ಯೆಯೇನಲ್ಲ. ಬ್ರಿಟಿಷ್ ಅನ್ವೇಷಕ ಸ್ಕಾಟ್‌ನ ತಂಡ 1912ರ ಜನವರಿ 17ರಂದು ದಕ್ಷಿಣ ಧ್ರುವ ಮುಟ್ಟಿತು. ವಾಪಸ್ ಬರುವ ದಾರಿಗೆಂದು ಮೊದಲೇ ಊಟ, ಸೀಮೆಎಣ್ಣೆ ಇಟ್ಟು ಹೋಗಿದ್ದರು. ಲೆಕ್ಕ ಸರಿಯಾಗಿಯೇ ಇತ್ತು. ಬಂದು ನೋಡಿದರೆ ಎಣ್ಣೆ ಕಮ್ಮಿ! ಯಾರೂ ಕದ್ದಿರಲಿಲ್ಲ. ಡಬ್ಬಿಯ ಮುಚ್ಚಳದ ಕೆಳಗೆ ಒಂದು ಚರ್ಮದ ವಾಷರು. ಚಳಿಗೆ ಅದು ಬಿರುಸಾಗಿ, ಸಂದಿಯಲ್ಲಿ ಎಣ್ಣೆ ಆವಿಯಾಗಿ ಹೋಗಿತ್ತು. ಎಣ್ಣೆ ಇಲ್ಲ ಅಂದರೆ ಒಲೆ ಇಲ್ಲ. ಒಲೆ ಇಲ್ಲ ಅಂದರೆ ಐಸು ಕರಗಿಸಿ ಕುಡಿಯಲು ನೀರೂ ಇಲ್ಲ. ಕೊನೆಯ ಮೂವರು ಸತ್ತ ಡೇರೆ ಮುಂದಿನ ದಾಸ್ತಾನಿನಿಂದ ಬರೀ 20 ಕಿಲೋಮೀಟರ್‌ನಷ್ಟು ದೂರದಲ್ಲಿತ್ತು.

ಎಣ್ಣೆಯೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆ ಮಾರ್ಚಿನ ಚಳಿ ವಿಪರೀತ. ನಾಲ್ಕು ಜನಕ್ಕೆ ಕಟ್ಟಿದ ಬುತ್ತಿಗೆ ಕೊನೆಗಳಿಗೆಯಲ್ಲಿ ಐದನೆಯವನು ಸೇರಿದ್ದ. ಆದರೆ ಅವರಿಗಿಂತ ಮೊದಲೇ ಧ್ರುವ ಮುಟ್ಟಿದ ನಾರ್ವೆಯ ಅಮುಂಡ್ಸನ್ ತನ್ನ ಡಬ್ಬಿಗಳಿಗೆ ಬೆಸುಗೆ ಹಾಕಿಸಿದ್ದ. ದಾಸ್ತಾನಿನ ಎರಡೂ ಬದಿಗೆ, ದಾರಿಗೆ ಅಡ್ಡಲಾಗಿ ಕಿಲೋಮೀಟರ್‌ಗಟ್ಟಲೆ ಬಾವುಟ ನೆಟ್ಟು, ಒಂದೊಂದಕ್ಕೂ ನಂಬರ್ ಹಾಕಿದ್ದ. ಮಂಜಿನಲ್ಲಿ ದಾರಿ ತಪ್ಪಿದರೂ ಯಾವುದೋ ಒಂದು ಬಾವುಟ ಸಿಗುತ್ತದೆ, ನಂಬರ್ ನೋಡಿ ಎಡಕ್ಕೋ ಬಲಕ್ಕೋ ತಿರುಗಿದರಾಯಿತು. ನನಗೆ ಈ ಮನುಷ್ಯನ ಮೇಲೆ ಸ್ವಲ್ಪ ಜಾಸ್ತಿಯೇ ಪ್ರೀತಿ.

ಇಷ್ಟೆಲ್ಲ ಹೇಳುವ ನಾನೇನು ಕಮ್ಮಿಯಿಲ್ಲ. ಶಿರಾಡಿ ಘಾಟಿಯಲ್ಲಿ ಒಮ್ಮೆ, ಮಳೆಯಲ್ಲಿ, ಟೈರ್ ಪಂಕ್ಚರ್ ಆಯಿತು. ಡಿಕ್ಕಿ ತೆಗೆದು ಸ್ಟೆಪ್ನಿ ಎಳೆದೆ. ಅದರಲ್ಲೂ ಗಾಳಿ ಇಲ್ಲ. ನಾಲ್ಕು ವರ್ಷ ಆ ಟೈರನ್ನು ಊರೆಲ್ಲ ಸುತ್ತಿಸಿದ್ದೆ, ಒಂದು ದಿನವೂ ಒತ್ತಿ ನೋಡಿರಲಿಲ್ಲ. ಹೆಂಡತಿ ಏನೂ ಮಾತಾಡಲಿಲ್ಲ. ಅದೇ ಕಷ್ಟ.

ಮಂಗಳದ ದಾರಿಯಲ್ಲಿ ಊಟವೂ ಸ್ಟೆಪ್ನಿಯೇ. ಡಬ್ಬಿಯೊಳಗೇ ವಿಟಮಿನ್ ಸಿ, ಬಿ1 ಕಮ್ಮಿಯಾಗುತ್ತಾ ಹೋಗುತ್ತವೆ. ಎಷ್ಟೋ ಮಾತ್ರೆಗಳ ಎಕ್ಸ್‌ಪೈರಿ ಎರಡು-ಮೂರು ವರ್ಷ. ತೂಕ ನೋಡಿದರೆ ಎಲ್ಲ ಸರಿಯಾಗಿಯೇ ಇರುತ್ತದೆ.

ನಮ್ಮ ಮಂಗಳಯಾನ ಈ ವಿಷಯದಲ್ಲಿ ಜಾಣ. ಅದರ ದೊಡ್ಡ ಎಂಜಿನ್ 2013ರ ಡಿಸೆಂಬರ್ 1ರ ನಂತರ ಸುಮಾರು 300 ದಿನ ಮಲಗಿತ್ತು. ಮತ್ತೆ ಎದ್ದೇಳದಿದ್ದರೆ? ಇಂಧನ ಹರಿಯಲು ಇನ್ನೊಂದು ದಾರಿಯನ್ನು ಮೊದಲೇ ಮಾಡಿಟ್ಟಿದ್ದರು, ಹಳೆಯ ವಾಲ್ವುಗಳನ್ನೇ ನಂಬಿ ಕೂರಲಿಲ್ಲ. ಅಷ್ಟಾದರೂ ಮಂಗಳ ಮುಟ್ಟುವ ಎರಡು ದಿನ ಮುಂಚೆ, 2014ರ ಸೆಪ್ಟೆಂಬರ್ 22ರಂದು, ಸುಮಾರು ನಾಲ್ಕು ಸೆಕೆಂಡು ಉರಿಸಿ ನೋಡಿದರು. ಆ ನಾಲ್ಕು ಸೆಕೆಂಡು ನನ್ನ ಮಟ್ಟಿಗೆ ಇಡೀ ಯಾನದ ಅತಿ ಚಂದದ ಭಾಗ.

ಹೋದ ಸಲ ಒಬ್ಬಳು ಹುಡುಗಿ ಸಾಮಾನಿನ ಪಟ್ಟಿಯಲ್ಲಿ ಒಂದು ಕಾಲಂ ಜಾಸ್ತಿ ಹಾಕಿದ್ದಳು: 'ಕೊನೆಯ ಸಲ ತೆರೆದು ನೋಡಿದ್ದು ಯಾವಾಗ?' ರಾಕೆಟ್ಟಿನ ಲೆಕ್ಕದಲ್ಲಿ ಎರಡು ತಪ್ಪಿತ್ತು. ನಾನು ಅವಳಿಗೇ ಮೊದಲ ಸ್ಥಾನ ಕೊಟ್ಟೆ. ಉಳಿದ ಇಬ್ಬರು ಜಡ್ಜ್‌ಗಳು ಒಪ್ಪಲಿಲ್ಲ.