ಹೌರಾ ಸೇತುವೆ: ನಡುನೀರಿನಲ್ಲಿ ಕಂಬವೇಕಿಲ್ಲ?

ಹೌರಾ ಸೇತುವೆಯ ಚರಿತ್ರೆಯನ್ನು ಓದುವವರು ಮೊದಲು ಹೂಗ್ಲಿ ನದಿಯ ಸ್ವಭಾವವನ್ನು ತಿಳಿದುಕೊಳ್ಳಬೇಕು. ಸಮುದ್ರದ ಉಬ್ಬರವಿಳಿತ ಈ ನದಿಯಲ್ಲಿ ಕೋಲ್ಕತ್ತವನ್ನೂ ದಾಟಿ ಬರುತ್ತದೆ, ನೀರು ಹೇರಳವಾಗಿ ಹೂಳು ಹೊತ್ತು ತರುತ್ತದೆ, ಹಡಗುಗಳಿಗೂ ಇದೇ ದಾರಿ. 1854ರಲ್ಲಿ ಪಶ್ಚಿಮ ದಡದ ಹೌರಾದಿಂದ ರೈಲು ಹೊರಟಿತು. ನಗರವಿದ್ದದ್ದು ಪೂರ್ವ ದಡದಲ್ಲಿ. ಹೀಗಾಗಿ ಎರಡೂ ದಡಗಳನ್ನು ಜೋಡಿಸುವುದು ಅನಿವಾರ್ಯವಾಯಿತು.

1874ರಲ್ಲಿ ಎಂಜಿನಿಯರ್ ಬ್ರಾಡ್‌ಫೋರ್ಡ್ ಲೆಸ್ಲಿ ಕಟ್ಟಿಸಿದ್ದು ತೇಲುಸೇತುವೆ. ಹಡಗು ಬಂದಾಗ ನಡುವಿನ 200 ಅಡಿ ಭಾಗವನ್ನು ಸರಿಸಿ ದಾರಿ ಬಿಡಬೇಕಾಗುತ್ತಿತ್ತು. ಅಷ್ಟು ಹೊತ್ತು ಎತ್ತಿನ ಗಾಡಿಗಳೂ ಪಾದಚಾರಿಗಳೂ ಎರಡು ಕಡೆಯೂ ಕಾಯುತ್ತಿದ್ದರು. ಹೊಸ ಸೇತುವೆಗೆ ನದಿಯೊಳಗೆ ಕಂಬ ನೆಟ್ಟರೆ ಅವುಗಳ ಸುತ್ತ ಹೂಳು ಕೂಡಿ ಹಡಗಿನ ದಾರಿ ಕೆಡಬಹುದೆಂಬ ಅಂಜಿಕೆಯಿತ್ತು. ಆದ್ದರಿಂದಲೇ ಕ್ಯಾಂಟಿಲಿವರ್ ವಿನ್ಯಾಸವನ್ನು ಆರಿಸಿಕೊಂಡರು.

ಕಿಟಕಿಯ ಮೇಲಿನ ಸಜ್ಜಾವನ್ನು ನೆನೆದರೆ ಇದು ಅರ್ಥವಾಗುತ್ತದೆ: ಒಂದು ತುದಿ ಗೋಡೆಯೊಳಗೆ ಬಿಗಿಯಾಗಿರುವುದರಿಂದಲೇ ಇನ್ನೊಂದು ತುದಿ ಆಸರೆಯಿಲ್ಲದೆ ಚಾಚಿ ನಿಲ್ಲುತ್ತದೆ. ಇಲ್ಲಿಯೂ ಎರಡು ದಡಗಳ ಗೋಪುರಗಳಿಂದ ತಲಾ 468 ಅಡಿಯ ತೋಳುಗಳು ನದಿಯ ಮೇಲೆ ಚಾಚಿವೆ, ಅವುಗಳ ತುದಿಗಳ ನಡುವೆ 564 ಅಡಿಯ ಭಾಗವನ್ನು ತೂಗುಹಾಕಿದ್ದಾರೆ; ಕೂಡಿದರೆ 1,500 ಅಡಿ. ದಡದ ಕಡೆಯ 325 ಅಡಿಯ ತೋಳುಗಳು ಹಿಂದಿನಿಂದ ಎಳೆದು ಹಿಡಿದು ತೂಕವನ್ನು ಸರಿದೂಗಿಸುತ್ತವೆ. ಇದನ್ನು ಇದೇ ನದಿಯ ಮೇಲಿನ 1992ರ ವಿದ್ಯಾಸಾಗರ ಸೇತುವಿನೊಂದಿಗೆ ಬೆರೆಸಬಾರದು. ಅದು ಕೇಬಲ್ಲುಗಳ ಸೇತುವೆ.

ಇದರಲ್ಲಿ ನಟ್ಟು ಬೋಲ್ಟುಗಳಿಲ್ಲ ಎಂಬುದನ್ನು ಪವಾಡದಂತೆ ಹೇಳುವವರಿದ್ದಾರೆ, ಆದರೆ ಆ ಕಾಲದ ಉಕ್ಕಿನ ಕೆಲಸದಲ್ಲಿ ರಿವೆಟ್, ಅಂದರೆ ತಲೆಯಿರುವ ಲೋಹದ ಮೊಳೆ, ಹೊಡೆಯುವುದೇ ವಾಡಿಕೆ. ಕೆಂಪಗೆ ಕಾಯಿಸಿದ ರಿವೆಟ್ಟನ್ನು ತೂತಿಗೆ ತೂರಿಸಿ, ಹೊರಬಂದ ತುದಿಯನ್ನು ಬಡಿದು ಚಪ್ಪಟೆ ಮಾಡಿದರೆ, ಅದು ಆರುತ್ತಾ ಕುಗ್ಗಿ ಉಕ್ಕಿನ ಹಲಗೆಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ನಿಜಕ್ಕೂ ಗಮನಿಸಬೇಕಾದದ್ದು ಉಕ್ಕಿನ ಮೂಲ: ಎರಡನೇ ಮಹಾಯುದ್ಧದಿಂದಾಗಿ ಇಂಗ್ಲೆಂಡಿನ ಸರಬರಾಜು ಕುಸಿದಾಗ, ಬೇಕಾದ 26,500 ಟನ್ನಿನಲ್ಲಿ ಸುಮಾರು 23,000 ಟನ್ನನ್ನು ಟಾಟಾ ಕಾರ್ಖಾನೆ ಒದಗಿಸಿತು. ಜಪಾನಿನ ವಿಮಾನದಾಳಿಯ ಭಯದಿಂದ 1943ರ ಫೆಬ್ರವರಿಯಲ್ಲಿ ಸಮಾರಂಭವಿಲ್ಲದೆಯೇ ಸೇತುವೆ ತೆರೆದುಕೊಂಡಿತು. ಮೊದಲು ದಾಟಿದ್ದು ಒಂಟಿ ಟ್ರಾಮ್.

1965ರಲ್ಲಿ ರವೀಂದ್ರ ಸೇತು ಎಂದು ಹೆಸರಿಟ್ಟರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಆ ಬಾಯಿಂದಲೇ ಸೇತುವೆಗೆ ತೊಂದರೆಯೂ ಬಂತು: ರಸ್ತೆಯನ್ನು ಎತ್ತಿ ಹಿಡಿದಿರುವ ಉಕ್ಕಿನ ತೂಗುಕಂಬಗಳ ಬುಡಕ್ಕೆ ದಾರಿಹೋಕರು ಪಾನ್ ಜಗಿದು ಉಗುಳಿ ಉಗುಳಿ, ಅಲ್ಲಿನ ರಕ್ಷಾಕವಚದ ತಗಡು ಸವೆದುಹೋಯಿತು. ಕೊನೆಗೆ ಆ ಬುಡಗಳಿಗೆ ತೊಳೆಯಲು ಬರುವ ಫೈಬರ್‌ಗ್ಲಾಸ್ ಹೊದಿಕೆ ಹಾಕಬೇಕಾಯಿತು.