ಎಚ್ಚರ ಬೇರೆ, ಕಲಿಕೆ ಬೇರೆ

ಚೀಲದಲ್ಲಿ ಇಂತಿಷ್ಟೇ ತೂಕ ಹಿಡಿಯುತ್ತದೆ. ಎದುರಿಗೆ ನಾನಾ ತೂಕದ, ನಾನಾ ಬೆಲೆಯ ವಸ್ತುಗಳಿವೆ. ಯಾವುದನ್ನೆಲ್ಲ ತುಂಬಿದರೆ ಒಟ್ಟು ಬೆಲೆ ಅತಿ ಹೆಚ್ಚು? 2023ರಲ್ಲಿ ಪ್ರಕಟವಾದ ಅಧ್ಯಯನವೊಂದು 40 ಆರೋಗ್ಯವಂತ ಯುವಜನರಿಗೆ ಇಂಥ ಲೆಕ್ಕ ಕೊಟ್ಟು, ಚುರುಕಾಗಲೆಂದು ಕೆಲವರು ನುಂಗುವ ‘ಬುದ್ಧಿಮಾತ್ರೆ’ಗಳನ್ನು ಪರೀಕ್ಷಿಸಿತು. ಒಮ್ಮೆ ಮೀಥೈಲ್‌ಫೆನಿಡೇಟ್, ಒಮ್ಮೆ ಮೊಡಾಫಿನಿಲ್, ಒಮ್ಮೆ ಡೆಕ್ಸ್ಟ್ರೋಆಂಫೆಟಮಿನ್, ಮತ್ತೊಮ್ಮೆ ಔಷಧವೇ ಇಲ್ಲದ ಹುಸಿ ಮಾತ್ರೆ ನುಂಗಿ ಅವರು ಕೂತರು. ಔಷಧದ ದಿನಗಳಲ್ಲಿ ಹೆಚ್ಚು ಹೊತ್ತು ಹೆಣಗಿದರು, ವಸ್ತುಗಳನ್ನು ಹೆಚ್ಚು ಸಲ ತೆಗೆದು ಹಾಕಿದರು. ಆದರೆ ಆ ಯತ್ನಗಳ ಗುಣಮಟ್ಟ ಇಳಿಯಿತು. ಹುಸಿ ಮಾತ್ರೆಯಲ್ಲಿ ಸರಾಸರಿಗಿಂತ ಮೇಲಿದ್ದವರೇ ಔಷಧದಲ್ಲಿ ಸರಾಸರಿಗಿಂತ ಕೆಳಗಿಳಿಯುವ ಒಲವು ಕಂಡಿತು.

‘ಬುದ್ಧಿಮಾತ್ರೆ’ಗಳ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ಈ ಔಷಧಗಳು ಮಿದುಳಿನಲ್ಲಿ ಡೋಪಮಿನ್ ಎಂಬ ಸಂದೇಶವಾಹಕ ರಾಸಾಯನಿಕದ ಮಟ್ಟ ಏರಿಸುತ್ತವೆ. ಹಣೆಯ ಹಿಂದಿನ ಭಾಗಕ್ಕೆ ಡೋಪಮಿನ್ ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ. ಗಮನದ ಕೊರತೆಯಿಂದ ಬಳಲುವವರಿಗೆ ಮೀಥೈಲ್‌ಫೆನಿಡೇಟ್, ಹಗಲಲ್ಲೇ ತಡೆಯಲಾರದ ನಿದ್ದೆ ಬರುವ ನಾರ್ಕೊಲೆಪ್ಸಿಯವರಿಗೆ ಮೊಡಾಫಿನಿಲ್ ನಿಜವಾದ ಆಸರೆ. ಅದನ್ನು ಹಗುರವಾಗಿ ಕಾಣುವುದು ಅನ್ಯಾಯ. ಮಟ್ಟ ಸರಿಯಾಗಿಯೇ ಇರುವವರ ಕಥೆ ಬೇರೆ. ಅವರಲ್ಲಿ ಹುರುಪು ಏರಿದಷ್ಟು ವಿವೇಚನೆ ಏರುವುದಿಲ್ಲ. ತಾನು ಚೆನ್ನಾಗಿಯೇ ಮಾಡುತ್ತಿದ್ದೇನೆ ಎಂಬ ಭಾವನೆಯನ್ನೂ ಹುರುಪು ತರಬಲ್ಲದು, ಅದೇ ಅಪಾಯ.

ಕಾಫಿ, ಚಹಾದಲ್ಲಿರುವ ಕೆಫೀನ್‌ನ ಕಥೆ ಇನ್ನೂ ಸರಳ. ದಿನವಿಡೀ ಮಿದುಳಿನಲ್ಲಿ ಶೇಖರವಾಗುವ ಅಡೆನೋಸಿನ್ ಎಂಬ ರಾಸಾಯನಿಕ ನಮಗೆ ತೂಕಡಿಕೆ ತರುತ್ತದೆ. ಅದು ಕೂರಬೇಕಾದ ಜಾಗದಲ್ಲಿ ಕೆಫೀನ್ ಕೂತುಬಿಡುತ್ತದೆ. ದಣಿವು ಹೋಗುವುದಿಲ್ಲ, ಗೊತ್ತಾಗುವುದಿಲ್ಲ ಅಷ್ಟೆ. ಕುಡಿದ ಕೆಫೀನ್‌ನಲ್ಲಿ ಅರ್ಧವನ್ನು ಕರಗಿಸಲು ದೇಹಕ್ಕೆ ಸುಮಾರು 5 ಗಂಟೆ ಬೇಕು. ರಾತ್ರಿ ಓದಲೆಂದು ಕುಡಿದದ್ದು ಆಮೇಲಿನ ನಿದ್ದೆಯನ್ನೂ ಕೆಡಿಸುತ್ತದೆ. ಹಗಲು ಓದಿದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳಲು ಆ ನಿದ್ದೆಯೇ ನೆರವಾಗುತ್ತದೆ.

ಹಾಗಾದರೆ ನೆನಪನ್ನೇ ನೇರವಾಗಿ ಹೆಚ್ಚಿಸಬಹುದೇ? 1999ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ನರವಿಜ್ಞಾನಿ ಜೋ ಟ್ಸಿಯೆನ್ ಅವರ ತಂಡ ಇಲಿಗಳ ವಂಶವಾಹಿ ತಿದ್ದಿ, ನರಕೋಶಗಳ ನಡುವಿನ ಸಂಪರ್ಕ ಬಲಗೊಳ್ಳಲು ಬೇಕಾದ ಎನ್‌ಎಂಡಿಎ ಗ್ರಾಹಕದ (ನರಕೋಶದ ಮೇಲೆ ಸಂದೇಶ ಹಿಡಿಯುವ ಪ್ರೋಟೀನಿನ) ಒಂದು ಘಟಕವನ್ನು ಹೆಚ್ಚಿಸಿತು. ಇಲಿಗಳು ಬೇಗ ಕಲಿತವು, ಕಲಿತದ್ದನ್ನು ಹೆಚ್ಚು ಕಾಲ ನೆನಪಿಟ್ಟವು. ಆದರೆ ಇದೇ ಗ್ರಾಹಕ ನೋವಿನ ಹಾದಿಯಲ್ಲೂ ಇದೆ. 2001ರಲ್ಲಿ ಪರೀಕ್ಷಿಸಿದಾಗ, ಉರಿಯೂತದಿಂದಾಗುವ ನೋವು ಆ ಜಾಣ ಇಲಿಗಳನ್ನು ಬೇರೆ ಇಲಿಗಳಿಗಿಂತ ಹೆಚ್ಚು ಕಾಡಿತ್ತು.